ಹಳೇ ಮನೆಗೆ ಬೂದು-ನೇರಳೆ ಬಣ್ಣ ಹೊಡೆಸಿದ್ದು: ಪೈಪ್, ಪುಟ್ಟಿ, ಬಲ್ಬು, ಖರ್ಚು ಎಲ್ಲಾ

ಪೇಂಟ್ ಕೆಲಸ ಮುಗ್ದು ಹೋದ ವಾರ ತಾನೆ ಸಾಮಾನೆಲ್ಲ ವಾಪಸ್ ಜೋಡಿಸಿದ್ವಿ. ನೋಡೋಕೆ ಬಂದವರೆಲ್ಲ ಯಾವ ಶೇಡು, ಎಷ್ಟಾಯ್ತು, ಯಾರ ಹತ್ರ ಮಾಡಿಸಿದ್ರಿ ಅಂತ ಕೇಳ್ತಾನೇ ಇದಾರೆ, ಒಬ್ಬೊಬ್ಬರಿಗೂ ಅರ್ಧರ್ಧ ಹೇಳೋ ಬದ್ಲು ಒಂದೇ ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ. ಈ ಬೂದು ಬೆರೆತ ನೇರಳೆ ಇದ್ಯಲ್ಲ, ಕ್ರೀಮ್ ಅಥವಾ ಬಿಳಿ ತರ ಸುಮ್ಮನೆ ಶೇಡ್ ಕಾರ್ಡ್ ನೋಡಿ ಆರ್ಡರ್ ಕೊಟ್ಟುಬಿಡೋ ಬಣ್ಣ ಅಲ್ವೇ ಅಲ್ಲ. ಬೆಳಗ್ಗೆ ಒಂದು ತರ, ಮಧ್ಯಾಹ್ನ ಒಂದು ತರ, ಟ್ಯೂಬ್‌ಲೈಟ್ ಹಾಕಿದ್ರೆ ಇನ್ನೊಂದು ತರ ಕಾಣುತ್ತೆ. ಅದು ಮೊದ್ಲೇ ಗೊತ್ತಿದ್ರೆ ಸುಮಾರು ತಲೆನೋವು ತಪ್ಪುತ್ತೆ.

ನಮ್ಮದು ತುಮಕೂರಲ್ಲಿ ಎಸ್.ಎಸ್. ಪುರಂ ಕಡೆ ತೊಂಬತ್ತರ ದಶಕದಲ್ಲಿ ಕಟ್ಟಿದ ಮನೆ. ಕೆಂಪು ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಹತ್ತಡಿ ಎತ್ತರದ ಗೋಡೆ, ಕಿಟಕಿ ಮಾತ್ರ ಚಿಕ್ಕವು. ಹಾಲ್ ಪೂರ್ವಕ್ಕೆ, ಮಲಗೋ ರೂಮು ಉತ್ತರಕ್ಕೆ. ಗೋಡೆಗೆ ಮೊದ್ಲು ಸುಣ್ಣ, ಅದರ ಮೇಲೆ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿ ಬೆರೆತ ಅಗ್ಗದ ಬಣ್ಣ), ಆಮೇಲೆ ಮತ್ತೆ ಡಿಸ್ಟೆಂಪರ್, ಕೊನೆಗೆ ಪಿಸ್ತಾ ಹಸಿರು. ಆ ಪಿಸ್ತಾ ಹಸಿರಲ್ಲೇ ನಾನು ಹೈಸ್ಕೂಲ್ ಓದಿ ಮುಗಿಸಿದ್ದು, ನೋಡಿ ನೋಡಿ ಸಾಕಾಗಿತ್ತು.

ಬಣ್ಣದ ಆಸೆ ಹುಟ್ಟಿದ್ದು ಬೆಂಗಳೂರಲ್ಲಿ. ಮಲ್ಲೇಶ್ವರಂನಲ್ಲಿರೋ ಗೆಳತಿ ಫ್ಲಾಟಿಗೆ ಹೋಗಿದ್ದಾಗ ಅವಳ ಹಾಲ್ ಗೋಡೆ ನೋಡಿ ಎಷ್ಟು ಹಿಡಿಸ್ತು ಅಂದ್ರೆ ಮಾತಾಡ್ತಾ ಮಾತಾಡ್ತಾ ಗೋಡೆನೇ ನೋಡ್ತಿದ್ದೆ, ನೇರಳೆ ಅಂತ ಕಣ್ಣಿಗೆ ಹೊಡೆಯಲ್ಲ, ಬೂದು ಅಂತ ಮಂಕಾಗೂ ಇಲ್ಲ, ಕೂತ್ರೆ ಮನಸ್ಸು ತಣ್ಣಗಾಗುತ್ತೆ. ಶೇಡ್ ಕೋಡ್ ಕೇಳಿ ಫೋಟೋ ತಗೊಂಡೆ. ಅವಳ ಫ್ಲಾಟ್ ಮೇಲಿನ ಮಹಡಿ, ಗೋಡೆಯುದ್ದಕ್ಕೂ ಗಾಜಿನ ಕಿಟಕಿ, ಬಿಳಿ ಟೈಲ್ಸ್ ನೆಲ. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಮನೆಗೆ ಬಂದು ಪೇಂಟರ್‌ನ ಕರೆಸಿದ್ರೆ ಅವ್ರು ಬಣ್ಣದ ಮಾತೇ ಎತ್ತಲಿಲ್ಲ. ಹಾಲಿಂದ ಬಚ್ಚಲುಮನೆಗೆ ತಾಗೋ ಗೋಡೆನ ಬೆರಳಲ್ಲಿ ಕೆರೆದು ತೋರಿಸಿದ್ರು, ಪುಡಿಪುಡಿ ಬಿಳಿ ಉಪ್ಪು. "ಈ ಗೋಡೆ ಉಪ್ಪು ಬಿಡ್ತಾ ಐತೆ ಕಣಕ್ಕ, ಇದ್ರ ಮೇಲೆ ಎಂಥಾ ಬಣ್ಣ ಹೊಡುದ್ರೂ ಆರು ತಿಂಗ್ಳಿಗೆ ಸಿಪ್ಪೆ ಏಳುತ್ತೆ, ಮೊದ್ಲು ಪ್ಲಂಬರ್‌ನ ಕರೀರಿ" ಅಂದ್ರು. ಕೆಲಸ ಕೈಗೆ ಬರ್ತಿರುವಾಗ ಹಂಗೆ ಹೇಳಿ ಎದ್ದು ಹೋದವರ ಮೇಲೆ ನನಗೆ ಅವತ್ತೇ ನಂಬಿಕೆ ಬಂತು, ಕೊನೆಗೆ ಅವರ ಕೈಲೇ ಮಾಡಿಸಿದ್ದು.

ಉಪ್ಪು ಯಾಕೆ ಬರುತ್ತೆ ಅಂದ್ರೆ ಗೋಡೆ ಒಳಗೆ ನೀರು ಸೇರ್ತಿದ್ರೆ ಅದು ಇಟ್ಟಿಗೆ, ಗಾರೆಯಲ್ಲಿರೋ ಲವಣ ಕರಗಿಸ್ಕೊಂಡು ಹೊರಗೆ ಬರುತ್ತೆ, ನೀರು ಆರಿಹೋಗುತ್ತೆ, ಉಪ್ಪು ಮೇಲೆ ಉಳ್ಕೊಳ್ಳುತ್ತೆ. ಬರೀ ಉಪ್ಪು ಒರೆಸಿ ವಾಟರ್‌ಪ್ರೂಫ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯೋ ಕೋಟ್) ಹೊಡೆದ್ರೆ ಒಳಗಿನ ನೀರಿಗೆ ಏನೂ ಆಗಲ್ಲ, ಪಕ್ಕದಲ್ಲಿ ದಾರಿ ಮಾಡ್ಕೊಳ್ಳುತ್ತೆ. ನಮ್ಮಲ್ಲಿ ಗೋಡೆಯೊಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ತುಕ್ಕು ಹಿಡಿದು ಒಂದು ಜಾಯಿಂಟಲ್ಲಿ ಸಣ್ಣಗೆ ಜಿನುಗ್ತಿತ್ತು. ಗೋಡೆ ಒಡೆಸಿ, ಪೈಪ್ ತೆಗೆಸಿ ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪ್ ಹಾಕಿಸಿ, ಮೊಣಕಾಲೆತ್ತರಕ್ಕೆ ಹಳೇ ಪ್ಲಾಸ್ಟರ್ ಪೂರ್ತಿ ಕಿತ್ತು ಹೊಸದು ಮಾಡಿಸಿದ್ವಿ. ಗಾರೆ ಮೇಸ್ತ್ರಿ ಹೇಳಿದ್ದು ಹೊಸ ಪ್ಲಾಸ್ಟರ್‌ಗೆ 28 ದಿನ ಬಿಡ್ಲೇಬೇಕು ಅಂತ. ಸಿಮೆಂಟು ಹಸಿಯಿದ್ದಾಗ ಕ್ಷಾರ ಜಾಸ್ತಿ ಇರುತ್ತೆ, ಅದರ ಮೇಲೆ ಪೇಂಟ್ ಹೊಡೆದ್ರೆ ಬಣ್ಣ ಸುಟ್ಟ ಹಂಗೆ ಕಲೆ ಕಲೆ ಆಗುತ್ತೆ, ಕಡು ಬಣ್ಣಗಳಲ್ಲಂತೂ ಎದ್ದು ಕಾಣುತ್ತೆ. ಡಿಸೆಂಬರ್ ಚಳಿ, ಬೆಳಗ್ಗೆ ಮಂಜು, ಗೋಡೆ ಒಣಗೋ ಲಕ್ಷಣನೇ ಇರಲಿಲ್ಲ. ಒಣಗಿದೆಯೋ ಇಲ್ವೋ ನೋಡೋಕೆ ಒಂದು ಸುಲಭದ ದಾರಿ ಇದೆ: ಒಂದಡಿ ಪ್ಲಾಸ್ಟಿಕ್ ಹಾಳೆನ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಒಳಗಡೆ ಬೆವರಿದ್ರೆ ಇನ್ನೂ ಕಾಯ್ಬೇಕು. ನಮ್ಮದು ಸಂಕ್ರಾಂತಿ ಬಂದ್ರೂ ಬೆವರ್ತಿತ್ತು. ಎಳ್ಳು ಬೀರೋಕೆ ಬಂದವರೆಲ್ಲ ಒಡೆದ ಗೋಡೆ ನೋಡ್ಕೊಂಡು ಹೋದ್ರು, ಅಮ್ಮನಿಗೆ ತುಂಬ ಬೇಜಾರಾಯ್ತು, ನನಗೂ.

ಆ ಕಾಯೋ ಹೊತ್ತನ್ನೇ ಶೇಡ್ ಆರಿಸೋಕೆ ಬಳಸ್ಕೊಂಡೆ, ಈಗ ಯೋಚಿಸಿದ್ರೆ ಅದು ಒಳ್ಳೇದೇ ಆಯ್ತು ಅನ್ಸುತ್ತೆ. ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ ಕಡೆ ಪೇಂಟ್ ಅಂಗಡಿಗಳಿಗೆ ಬರವಿಲ್ಲ, ಎಲ್ಲ ಕಡೆ ಟಿಂಟಿಂಗ್ ಮಷೀನ್ ಇದೆ, ಕೋಡ್ ಕೊಟ್ರೆ ಬೇಸ್ ಅನ್ನೋ ಮೂಲ ಪೇಂಟಿಗೆ ಬಣ್ಣದ ಹನಿ ಹಾಕಿ ಅಲುಗಾಡಿಸಿ ಕೊಡ್ತಾರೆ. ಒಂದ್ಸಲ ಟಿಂಟ್ ಮಾಡಿದ ಡಬ್ಬಿ ವಾಪಸ್ ತಗೊಳ್ಳಲ್ಲ, ಅದಕ್ಕೇ ದೊಡ್ಡ ಡಬ್ಬಿಗೆ ಕೈ ಹಾಕೋಕೆ ಮುಂಚೆ ಸ್ಯಾಂಪಲ್ ಡಬ್ಬಿ ಕೇಳಿ. ಕೆಲವು ಅಂಗಡಿಯಲ್ಲಿ 200 ಮಿಲಿ ಸಿಗುತ್ತೆ, ಕೆಲವು ಕಡೆ ಕಮ್ಮಿ ಅಂದ್ರೆ ಒಂದು ಲೀಟರ್ ತಗೊಳ್ಳಿ ಅಂತಾರೆ. ಒಬ್ಬ ಅಂಗಡಿಯವರು "ಮೇಡಂ ಇದೆಲ್ಲ ಈ ಕಡೆ ಹೋಗಲ್ಲ, ಐವರಿ ಹಾಕಿಸ್ಕೊಳ್ಳಿ" ಅಂತ ಅರ್ಧ ಗಂಟೆ ಬುದ್ಧಿ ಹೇಳಿದ್ರು. ಇನ್ನೊಂದು ಅಂಗಡಿಯ ಹುಡುಗ ಮಾತ್ರ ಕಾರ್ಡನ್ನ ಅಂಗಡಿ ಹೊರಗೆ ಬಿಸಿಲಿಗೆ ತಗೊಂಡು ಬಂದು ತೋರಿಸಿದ, ಒಳಗಿನ ಲೈಟಲ್ಲಿ ನೋಡ್ಬೇಡಿ ಅಂದ.

ಗೆಳತಿ ಮನೆಯ ಅದೇ ಕೋಡ್‌ನ ಸ್ಯಾಂಪಲ್ ತಂದು ಗೋಡೆಗೆ ಎರಡಡಿ ಅಗಲ ಹೊಡೆದು ನೋಡಿದ್ರೆ ನಮ್ಮ ಹಾಲಲ್ಲಿ ಅದು ಪಕ್ಕಾ ಗುಲಾಬಿ ನೇರಳೆ! ಅಲ್ಲಿ ನೋಡಿದ್ದ ತಣ್ಣನೆ ಬಣ್ಣದ ಸುಳಿವೇ ಇಲ್ಲ. ನನಗೆ ಗಾಬರಿ ಆಗಿ ಅಂಗಡಿಯವರು ಕೋಡ್ ತಪ್ಪು ಹಾಕಿದ್ರಾ ಅಂತ ಡಬ್ಬಿ ಮುಚ್ಚಳದ ಸ್ಟಿಕ್ಕರ್ ನೋಡಿದೆ, ಸರಿಯಾಗೇ ಇತ್ತು.

ಆಮೇಲೆ ಒಂದೊಂದೇ ಅರ್ಥ ಆಗ್ತಾ ಹೋಯ್ತು. ಮೊದಲ್ನೇದು, ಸುತ್ತ ಇದ್ದ ಪಿಸ್ತಾ ಹಸಿರು. ಹಸಿರಿನ ಪಕ್ಕ ಬೂದು ಇಟ್ರೆ ಕಣ್ಣು ತಾನಾಗೇ ಅದರಲ್ಲಿ ಕೆಂಪು-ನೇರಳೆ ಜಾಸ್ತಿ ಕಾಣೋ ಹಂಗೆ ಮಾಡುತ್ತೆ. ಹಳೇ ಬಣ್ಣದ ಗೋಡೆ ಮೇಲೆ ಸ್ಯಾಂಪಲ್ ಹೊಡೆದು ತೀರ್ಮಾನ ಮಾಡ್ಲೇಬೇಡಿ. ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ತಗೊಂಡು ಸುತ್ತ ನಾಲ್ಕು ಬೆರಳು ಬಿಳಿ ಅಂಚು ಬಿಟ್ಟು ಎರಡು ಕೋಟ್ ಹೊಡೆದು ಒಣಗಿಸಿ, ಆ ಶೀಟನ್ನ ಒಂದೊಂದು ಗೋಡೆಗೆ ಒಂದೊಂದು ಹೊತ್ತಲ್ಲಿ ಅಂಟಿಸಿ ನೋಡಿ. ನಾನು ಬೆಳಗ್ಗೆ ಕಾಫಿ ಹೊತ್ತಲ್ಲಿ, ಮಧ್ಯಾಹ್ನ, ದೀಪ ಹಚ್ಚೋ ಹೊತ್ತಲ್ಲಿ, ಮಲಗೋ ಮುಂಚೆ ಅಂತ ನೋಡಿ ನೋಡಿ ಪುಸ್ತಕದಲ್ಲಿ ಬರ್ಕೊಂಡೆ.

ಎರಡನೇದು ನೆಲ. ಬಿಸಿಲು ಬಿದ್ದಾಗ ರೆಡ್ ಆಕ್ಸೈಡ್ ನೆಲದ ಕೆಂಪು ಗೋಡೆ ಮೇಲೆ ಹೊಡೆಯುತ್ತೆ, ಸೊಂಟದ ಕೆಳಗಿನ ಭಾಗ ಮೇಲಿನದಕ್ಕಿಂತ ಗುಲಾಬಿ ಕಾಣುತ್ತೆ. ಗೆಳತಿ ಮನೇಲಿ ಬಿಳಿ ಟೈಲ್ಸ್, ಅಲ್ಲಿ ಈ ಸಮಸ್ಯೆನೇ ಇಲ್ಲ. ಮಲಗೋ ರೂಮಲ್ಲಿ ಪೂರ್ತಿ ಉಲ್ಟಾ: ಕಿಟಕಿ ಎದುರಿಗೆ ಪಕ್ಕದ ಮನೆಯವರ ಗಾಢ ಹಸಿರು ಗೋಡೆ, ಆ ಹಸಿರು ಬೆಳಕು ಒಳಗೆ ಬಂದು ನೇರಳೆನ ನುಂಗಿಬಿಡುತ್ತೆ, ಅದೇ ಶೀಟು ಅಲ್ಲಿ ಬರೀ ಸಿಮೆಂಟ್ ಬಣ್ಣ. ಮೇಲಾಗಿ ಉತ್ತರದ ಕಿಟಕಿಗೆ ನೇರ ಬಿಸಿಲು ಹೆಚ್ಚುಕಮ್ಮಿ ಇಲ್ಲ, ಆಕಾಶದ ನೀಲಿ ಬೆಳಕೇ ಬರೋದು, ಬಣ್ಣ ಇನ್ನೂ ತಣ್ಣಗಾಗುತ್ತೆ.

ಮೂರನೇದು, ಎಲ್ಲಕ್ಕಿಂತ ಮುಖ್ಯ, ಬಲ್ಬು. ಮನೇಲಿ ಇದ್ದಿದ್ದು ಒಂದು ಕಡೆ ಹಳೇ ಟ್ಯೂಬ್‌ಲೈಟು, ಒಂದು ಕಡೆ ಸರ್ಕಾರದ 'ಹೊಸ ಬೆಳಕು' ಯೋಜನೇಲಿ ಬೆಸ್ಕಾಂ ಕಡೆಯಿಂದ ತಗೊಂಡಿದ್ದ 9 ವ್ಯಾಟ್ ಎಲ್‌ಇಡಿ, ಇನ್ನೊಂದು ಕಡೆ ಯಾರೋ ಕೊಟ್ಟ ಹಳದಿ ಬಲ್ಬು. ಎಲ್‌ಇಡಿ ಡಬ್ಬಿ ಮೇಲೆ ಬರೆದಿರುತ್ತೆ ನೋಡಿ, 6500 ಕೆಲ್ವಿನ್ ಅಂದ್ರೆ ನೀಲಿ ಬಿಳುಪು, 3000 ಅಂದ್ರೆ ಹಳದಿ, 4000 ಅಂದ್ರೆ ಮಧ್ಯದ್ದು. 6500ರಲ್ಲಿ ನಮ್ಮ ಶೇಡು ನೀಲಿಗೆ ತಿರುಗಿ ಆಸ್ಪತ್ರೆ ವಾರ್ಡಿನ ಕಳೆ ಬಂತು. 3000ದಲ್ಲಿ ನೇರಳೆ ಅಡಗಿ ಕಂದು ಕಂದು. 4000ದಲ್ಲಿ ನನಗೆ ಬೇಕಾದ ಬಣ್ಣ ಕಾಣ್ತು. ಡಬ್ಬಿ ಮೇಲೆ ಸಿಆರ್‌ಐ ಅಂತಾನೂ ಒಂದು ನಂಬರ್ ಇರುತ್ತೆ, ಬಣ್ಣನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ, ಸಾಮಾನ್ಯವಾಗಿ 80 ಇರುತ್ತೆ, 90ರ ಮೇಲಿದ್ರೆ ಉತ್ತಮ, ಸ್ವಲ್ಪ ದುಡ್ಡು ಜಾಸ್ತಿ. ಹಾಗಾಗಿ ಪೇಂಟ್ ತರೋ ಮುಂಚೆನೇ ಹಾಲಿಗೆ, ರೂಮಿಗೆ ಬಲ್ಬು ಬದಲಾಯಿಸ್ದೆ. ಮನೆಯವರು ಗೋಡೆ ಆಗದೆ ಬಲ್ಬು ಯಾಕೆ ಅಂದ್ರು, ಆದ್ರೆ ಇದೇ ಸರಿಯಾದ ಕ್ರಮ, ಮೊದ್ಲು ಬಲ್ಬು ಆಮೇಲೆ ಬಣ್ಣ. ಇಷ್ಟು ಉದ್ದ ಬರೆದಿದ್ದರಲ್ಲಿ ಒಂದೇ ಒಂದು ಮಾತು ತಗೊಳ್ಳೋದಾದ್ರೆ ಇದನ್ನ ತಗೊಳ್ಳಿ.

ಕೊನೆಗೆ ಆರಿಸಿದ್ದು ಗೆಳತಿದಕ್ಕಿಂತ ಬೂದು ಜಾಸ್ತಿ ಇರೋ ಶೇಡು. ಕಾರ್ಡಲ್ಲಿ ನೋಡಿದ್ರೆ ಇದರಲ್ಲಿ ನೇರಳೆ ಎಲ್ಲಿದೆ ಅನ್ಸೋಷ್ಟು ಕಮ್ಮಿ. ಅಂಗೈಯಗಲದ ಕಾರ್ಡಿಗಿಂತ ನಾಲ್ಕು ಗೋಡೆ ಮೇಲೆ ಬಣ್ಣ ಜೋರಾಗಿ ಕಾಣುತ್ತೆ, ಒಂದು ಗೋಡೆ ಇನ್ನೊಂದಕ್ಕೆ ಬಣ್ಣ ಎರಚುತ್ತೆ, ಅದಕ್ಕೆ ಮನಸ್ಸಿಗೆ ಬಂದಿದ್ದಕ್ಕಿಂತ ಒಂದು ಮೆಟ್ಟಿಲು ಬೂದಿನ ಕಡೆ ಸರಿದು ಆರಿಸೋದು ಕ್ಷೇಮ. ಮಲಗೋ ರೂಮಲ್ಲಿ ಪೂರ್ತಿ ಸತ್ತು ಹೋಗ್ಬಾರ್ದು ಅಂತ ನೀಲಿ ಕಡೆ ವಾಲೋದನ್ನ ಬಿಟ್ಟು ಸ್ವಲ್ಪ ಕೆಂಪು ಕಡೆ ವಾಲೋದನ್ನ ತಗೊಂಡೆ. ಚಿಕ್ಕ ಕಿಟಕಿ ಮನೆಯವರಿಗೆ ಇನ್ನೊಂದು ಮಾತು: ಕೆಲವು ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ ನಂಬರ್ ಇರುತ್ತೆ, 0 ಅಂದ್ರೆ ಕಪ್ಪು, 100 ಅಂದ್ರೆ ಬಿಳಿ, ಗೋಡೆ ಎಷ್ಟು ಬೆಳಕು ವಾಪಸ್ ಕೊಡುತ್ತೆ ಅನ್ನೋ ಲೆಕ್ಕ. ನಾನು 50ಕ್ಕಿಂತ ಕೆಳಗೆ ಇಳಿಯೋ ಶೇಡು ಮುಟ್ಟಲಿಲ್ಲ, ಇಳಿದಿದ್ರೆ ಹಗಲಲ್ಲೂ ಲೈಟ್ ಹಾಕ್ಬೇಕಾಗ್ತಿತ್ತು.

ಅಮ್ಮನ್ನ ಒಪ್ಪಿಸೋದು ಬೇರೆ ಅಧ್ಯಾಯ. ಬೂದಿ ಬಣ್ಣ ಮನೆಗೆ ಆಗಲ್ಲ ಅಂತ ಶುರು ಮಾಡಿದ್ರು, ಮಂಗಳವಾರ ಶುಕ್ರವಾರ ಮುತ್ತೈದೆಯರು ಬರೋ ಮನೆ ಅಂದ್ರು. ನಾನು ವಾದ ಮಾಡಲಿಲ್ಲ, ಶೀಟನ್ನ ಅವರು ಕೂರೋ ಕುರ್ಚಿ ಎದುರಿಗೆ ಅಂಟಿಸಿ ಬಿಟ್ಟುಬಿಟ್ಟೆ. ಸುಮಾರು ದಿನ ಆದ್ಮೇಲೆ ಒಂದು ಸಂಜೆ ಅವರೇ, "ಹಾಲು ಹಾಕಿದ ರಾಗಿ ಅಂಬಲಿ ಬಣ್ಣ ಇದ್ದಂಗಿದೆ, ಪರವಾಗಿಲ್ಲ" ಅಂದ್ರು. ಅಷ್ಟೇ ಸಾಕಾಯ್ತು ನನಗೆ. ದೇವರ ಮನೆ ಮಾತ್ರ ಮುಟ್ಟಬಾರದು ಅಂತ ಷರತ್ತು, ಅದು ಅವರ ಇಷ್ಟದ ತಿಳಿ ಹಳದಿಯಲ್ಲೇ ಇದೆ, ಮತ್ತೆ ಆ ಹಳದಿ ಈ ಬಣ್ಣದ ಪಕ್ಕದಲ್ಲಿ ತುಂಬ ಚೆನ್ನಾಗಿ ಹೊಂದಿಕೊಂಡಿದೆ, ನೇರಳೆಗೆ ಹಳದಿ ಎದುರು ಬಣ್ಣ ಆದ್ರಿಂದ ಒಂದನ್ನ ಇನ್ನೊಂದು ಎತ್ತಿ ತೋರಿಸುತ್ತೆ. ತೇಗದ ಬಾಗಿಲು, ಹಿತ್ತಾಳೆ ದೀಪ, ಕಂಚಿನ ಪಾತ್ರೆ ಎಲ್ಲದಕ್ಕೂ ಇದೇ ಮಾತು.

ಗೋಡೆ ಒಣಗ್ತು, ಕೆಲಸ ಶುರು. ಪೇಂಟರ್ ಜೊತೆ ಮಾತಾಗಿದ್ದು ಕೂಲಿ ಮಾತ್ರ, ಚದರಡಿಗೆ 20 ರೂಪಾಯಿ, ಕೆರೆಯೋದು, ಎರಡು ಕೈ ಪುಟ್ಟಿ (ಗೋಡೆ ನುಣುಪು ಮಾಡೋಕೆ ಬಳಿಯೋ ಹಿಟ್ಟು), ಉಜ್ಜೋದು, ಪ್ರೈಮರ್, ಎರಡು ಕೋಟ್ ಬಣ್ಣ ಎಲ್ಲಾ ಸೇರಿ. ದಿನಗೂಲಿಗಿಂತ ಚದರಡಿ ಲೆಕ್ಕ ನಮಗೆ ನಿಶ್ಚಿಂತೆ, ಆದ್ರೆ ಏನೇನು ಸೇರಿದೆ ಅಂತ ಬಾಯಲ್ಲಿ ಹೇಳಿಸ್ಕೊಂಡು ಹಾಳೇಲಿ ಬರ್ಕೊಳ್ಳಿ, ಬಾಗಿಲು ಕಿಟಕಿ ಅಳತೆ ಕಳೀತಾರಾ, ಸಾಮಾನು ಸರಿಸೋದು ಯಾರು, ಟಚಪ್‌ಗೆ ಬರ್ತಾರಾ, ಎಲ್ಲಾನೂ. ಅಡ್ವಾನ್ಸ್ ಕಾಲು ಭಾಗ ಕೊಟ್ಟೆ, ಪುಟ್ಟಿ ಮುಗಿದ್ಮೇಲೆ ಒಂದಿಷ್ಟು, ಕೊನೇದು ಕೈ ತೊಳೆದ ಮೇಲೆ.

ಡಿಸ್ಟೆಂಪರ್ ಕೆರೆಯೋದು ಇದ್ಯಲ್ಲ, ಅದರಷ್ಟು ಕಷ್ಟದ ಕೆಲಸ ಇಲ್ಲ. ಹಳೇ ಡಿಸ್ಟೆಂಪರ್ ಮೇಲೆ ನೇರ ಎಮಲ್ಷನ್ (ನೀರಲ್ಲಿ ಕಲಸೋ ಪ್ಲಾಸ್ಟಿಕ್ ಪೇಂಟ್, ನಾವು ಹೊಡೆಸಿದ್ದು ಇದೇ) ಹೊಡೆದ್ರೆ ಕೆಳಗಿನ ಪದರದ ಜೊತೆ ಹಾಳೆ ಹಾಳೆಯಾಗಿ ಬಿಟ್ಕೊಳ್ಳುತ್ತೆ, ಅದಕ್ಕೆ ನೀರು ಹಾಕಿ ನೆನೆಸಿ ಪೂರ್ತಿ ತೆಗೀಲೇಬೇಕು. ಮನೆ ತುಂಬ ಧೂಳು, ಪಾತ್ರೆ ಒಳಗೆ ಧೂಳು, ತಲೆದಿಂಬಲ್ಲಿ ಧೂಳು. ಹಳೇ ಕಿಟಕಿ ಕಂಬಿಯ ಆಯಿಲ್ ಪೇಂಟ್ ಮಾತ್ರ ಒಣಗಿದ್ದಂಗೆ ಉಜ್ಜೋಕೆ ನಾನು ಬಿಡಲಿಲ್ಲ. ಮನೆ ಬಳಕೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಬಂದಿದ್ದೇ 2016ರಲ್ಲಿ, ಅದಕ್ಕೆ ಮುಂಚಿನ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದ್ದೇ ಇದೆ, ಆ ಪುಡಿ ಮಕ್ಕಳ ಮೈಗೆ ಹೋದ್ರೆ ಮೆದುಳಿಗೇ ಹಾನಿ. ನೀರು ಹಚ್ಚಿ ಉಜ್ಜಿಸಿ, ಪೇಂಟರ್‌ಗಳಿಗೆ ಮಾಸ್ಕ್ ತಂದುಕೊಟ್ಟು, ಅವತ್ತು ಅಣ್ಣನ ಮಕ್ಕಳನ್ನ ಕ್ಯಾತಸಂದ್ರದ ಅತ್ತೆ ಮನೆಗೆ ಕಳಿಸಿದ್ವಿ.

ಪುಟ್ಟಿ ಮುಗಿದು ಇನ್ನೇನು ಪ್ರೈಮರ್ ಅನ್ನುವಾಗ ಪೇಂಟರ್ ಊರಲ್ಲಿ ಜಾತ್ರೆ, ಹುಡುಗರನ್ನೆಲ್ಲ ಕರ್ಕೊಂಡು ಗುಬ್ಬಿ ಕಡೆ ಹೋದವರು ಹೇಳಿದ ದಿನಕ್ಕೆ ಬರಲಿಲ್ಲ. ಸೋಫಾ ಅಡುಗೆಮನೆ ಬಾಗಿಲಲ್ಲಿ, ಬೀರು ನಡುಮನೇಲಿ, ಅಮ್ಮ ದಿವಾನ್ ಮೇಲೆ ಮಲಗಿ ಸೊಂಟ ನೋವು ಅಂತಿದ್ರು. ಫೋನ್ ಮಾಡಿದ್ರೆ "ನಾಳಿಕ್ ಬತ್ತೀನಕ್ಕ". ಸಿಟ್ಟು ಬಂದು ಬೇರೆಯವರನ್ನ ಕರೆಸೋಣ ಅಂತಾನೂ ಅನ್ಸಿತ್ತು, ಆದ್ರೆ ಅರ್ಧ ಕೆಲಸಕ್ಕೆ ಬರೋರು ಸಿಗಲ್ಲ, ಸಿಕ್ಕಿದ್ರೂ ಹಿಂದಿನವರ ಪುಟ್ಟಿ ಸರಿಯಿಲ್ಲ ಅಂತ ಮೊದ್ಲಿಂದ ಶುರು ಮಾಡ್ತಾರೆ. ಕೆಲಸ ಶುರು ಮಾಡೋ ಮುಂಚೆ ನಿಮ್ಮೂರ ಜಾತ್ರೆ, ಮದುವೆ ಯಾವಾಗ ಅಂತ ಕೇಳಿಬಿಡಿ, ನಾಚ್ಕೋಬೇಡಿ.

ಬಣ್ಣದ ಮೊದಲ ಕೋಟ್ ಬಿದ್ದ ದಿನ ನನ್ನ ಎದೆ ಧಸಕ್ ಅಂತು. ಹಸಿಯಾಗಿದ್ದಾಗ ತಿಳಿ ತಿಳಿ ಲ್ಯಾವೆಂಡರ್, ಮೇಲಾಗಿ ರೋಲರ್ ಗೆರೆ, ಅಲ್ಲಲ್ಲಿ ಪುಟ್ಟಿ ಬಿಳುಪು. ಎಮಲ್ಷನ್ ಹಸಿಯಿದ್ದಾಗ ತಿಳಿಯಾಗೇ ಇರುತ್ತೆ, ಒಣಗಿದ ಮೇಲೆ ಗಾಢ ಆಗುತ್ತೆ, ಅದು ಗೊತ್ತಿದ್ರೂ ಕಣ್ಣೆದುರು ನೋಡುವಾಗ ಕೈಕಾಲು ಆಡಲ್ಲ. ಅವತ್ತು ಯಾವ ತೀರ್ಮಾನನೂ ಮಾಡ್ಬೇಡಿ, ಫೋಟೋ ತೆಗೆದು ನೆಂಟರಿಗೆ ಕಳಿಸ್ಲೂ ಬೇಡಿ, ಫೋನ್ ಕ್ಯಾಮೆರಾ ಈ ಬಣ್ಣನ ಯಾವತ್ತೂ ಸರಿಯಾಗಿ ಹಿಡಿಯಲ್ಲ. ಎರಡನೇ ಕೋಟ್ ಮಾರನೇ ದಿನ ಹೊಡೆದ್ರು, ಸಂಜೆ ಹೊತ್ತಿಗೆ ಗೋಡೆ ಮೆಲ್ಲಗೆ ಮಾಗಿ ನನ್ನ ಶೀಟಿನ ಬಣ್ಣಕ್ಕೆ ಬಂತು, ಆಗ ಉಸಿರು ಬಿಟ್ಟೆ. ಹೊಳಪಿನ ಫಿನಿಷ್ ಬೇಡ ಅಂತ ಮ್ಯಾಟ್ ತಗೊಂಡಿದ್ದು ಸಾರ್ಥಕ ಆಯ್ತು, ಹಳೇ ಗೋಡೆಯ ಉಬ್ಬು ತಗ್ಗು ಹೊಳಪಲ್ಲಿ ಎದ್ದು ಕಾಣುತ್ತೆ, ಮ್ಯಾಟ್‌ನಲ್ಲಿ ಮುಚ್ಚಿಹೋಗುತ್ತೆ.

ಇನ್ನೊಂದು ತೊಡಕು ಕೊನೇಲಿ. 10 ಲೀಟರ್ ಸಾಕು ಅಂದಿದ್ರು ಪೇಂಟರ್, ಹಳೇ ಗೋಡೆ ಜಾಸ್ತಿ ಕುಡೀತು, ರೂಮಿನ ಕಡೇ ಗೋಡೆಗೆ ಬಣ್ಣ ಖಾಲಿ. ಮೊದ್ಲು ತಂದ ಅಂಗಡಿ ಅವತ್ತು ರಜ, ಪೇಂಟರ್ ಜೊತೆಗಿದ್ದ ಹುಡುಗ ಬೇರೆ ಅಂಗಡಿಯಿಂದ ಅದೇ ಕೋಡ್‌ಗೆ ಒಂದು ಲೀಟರ್ ಮಾಡಿಸ್ಕೊಂಡು ಬಂದ. ಹೊಡೆದ್ರೆ ಒಂಚೂರು ನೀಲಿ. ಮಷೀನಿಂದ ಮಷೀನಿಗೆ, ಬ್ಯಾಚಿಂದ ಬ್ಯಾಚಿಗೆ ಇಷ್ಟು ವ್ಯತ್ಯಾಸ ಆಗುತ್ತೆ, ಬಿಳಿಯಲ್ಲಿ ಗೊತ್ತಾಗಲ್ಲ, ಈ ತರ ಬೆರೆತ ಬಣ್ಣದಲ್ಲಿ ಗೊತ್ತಾಗುತ್ತೆ. ಪೇಂಟರ್ ಜಾಣತನದಿಂದ ಗೋಡೆ ಮಧ್ಯ ಸೇರಿಸದೆ ಆ ಇಡೀ ಗೋಡೆನ ಮೂಲೆಯಿಂದ ಮೂಲೆಗೆ ಹೊಸ ಡಬ್ಬಿಯಲ್ಲೇ ಹೊಡೆದ್ರು, ಮೂಲೆ ತಿರುಗಿದಾಗ ಬೆಳಕೇ ಬೇರೆ ಆಗೋದ್ರಿಂದ ಈಗ ಯಾರ ಕಣ್ಣಿಗೂ ಬೀಳಲ್ಲ. ನೀವು ತರೋದಾದ್ರೆ ಒಂದು ಲೀಟರ್ ಜಾಸ್ತಿನೇ ಒಂದೇ ಸಲ ತನ್ನಿ, ಎಲ್ಲಾ ಡಬ್ಬಿನೂ ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲಸಿಸಿ ಆಮೇಲೆ ಹೊಡೆಸಿ.

ಖರ್ಚು ಕೇಳ್ತಿದ್ದವರಿಗೆ, ಹಾಲ್ ಹದಿನಾರು ಹನ್ನೆರಡು ಅಡಿ, ರೂಮು ಹನ್ನೆರಡು ಹನ್ನೊಂದು, ಸೀಲಿಂಗ್ ಸೇರಿ. ಪ್ಲಂಬಿಂಗ್ ಮತ್ತೆ ಗಾರೆ ಕೆಲಸ 13,800, ಪೇಂಟಿಂಗ್ ಕೂಲಿ 23,500, ಪುಟ್ಟಿ 1,900, ಪ್ರೈಮರ್ 1,700, ಬಣ್ಣ 10 ಲೀಟರ್‌ಗೆ 5,800, ಆಮೇಲಿನ ಒಂದು ಲೀಟರ್ 620, ಸೀಲಿಂಗ್ ಬಿಳಿ 1,400, ಎಮರಿ ಪೇಪರ್ ಟೇಪ್ ಪ್ಲಾಸ್ಟಿಕ್ ಅಂತ 900, ಸ್ಯಾಂಪಲ್‌ಗಳು 1,000, ಬಲ್ಬು 1,600. ಒಟ್ಟು 52,220 ರೂಪಾಯಿ. ಬಣ್ಣದ ಡಬ್ಬಿಗೆ ಹೋಗಿದ್ದು ಇದರಲ್ಲಿ ಎಷ್ಟು ಕಮ್ಮಿ ನೋಡಿ, ಹಾಗಾಗಿ ಡಬ್ಬಿಯಲ್ಲಿ ಉಳಿಸೋಕೆ ಹೋಗಿ ಅಗ್ಗದ್ದು ತರೋದ್ರಲ್ಲಿ ಅರ್ಥ ಇಲ್ಲ. ಪೇಂಟಿಗೆ ಜಿಎಸ್‌ಟಿ ಶೇ. 18 ಇದೆ, ಅಂಗಡಿಯವರು ಹೇಳೋ ರೇಟು ಟ್ಯಾಕ್ಸ್ ಸೇರಿನಾ ಬಿಟ್ಟಾ ಅಂತ ಮೊದ್ಲೇ ಕೇಳಿ, ಬಿಲ್ ತಗೊಳ್ಳಿ.

ಸೀಲಿಂಗಿಗೆ ನೀಲಿ ಹೊಡೆಯೋ ಬಿಳಿ ಬೇಡ ಅಂತ ಸ್ವಲ್ಪ ಹಾಲುಬಿಳಿ ಹಾಕಿಸಿದೀನಿ, ಪರದೆ ಇನ್ನೂ ತಂದಿಲ್ಲ, ಖಾದಿಯ ಮಾಸಲು ಬಿಳಿ ನೋಡಿಟ್ಟಿದೀನಿ. ಹೊಸ ಪೇಂಟ್ ಗಟ್ಟಿಯಾಗೋಕೆ ಸುಮಾರು ಒಂದು ತಿಂಗಳು ಬೇಕು, ಅಲ್ಲಿವರೆಗೂ ಒದ್ದೆ ಬಟ್ಟೆ ಹಾಕಿ ಗೋಡೆ ಒರೆಸ್ಬೇಡಿ, ಸೋಫಾನ ಗೋಡೆಗೆ ಒತ್ತಿ ಇಡ್ಬೇಡಿ. ಉಳಿದ ಬಣ್ಣನ ಗಾಳಿ ಹೋಗದಂಗೆ ಚಿಕ್ಕ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ರೂಮು, ತಾರೀಕು ಬರೆದು, ಸ್ಟಿಕ್ಕರಲ್ಲಿರೋ ಫಾರ್ಮುಲಾದ ಫೋಟೋ ತೆಗೆದಿಟ್ಕೊಳ್ಳಿ, ಆ ಸ್ಟಿಕ್ಕರಿನ ಅಕ್ಷರ ವರ್ಷ ತುಂಬೋದ್ರೊಳಗೆ ಅಳಿಸಿಹೋಗುತ್ತೆ.